ಅಕ್ಕಯ್ಯಮ್ಮ ನುಂಗಿದ ಸಾಲು

ಅಕ್ಕಯ್ಯಮ್ಮನ ಗಂಟಲಿಗೆ ಮೆಲ್ಲಗೆ ಮಾತಾಡುವುದು ಗೊತ್ತಿರಲಿಲ್ಲ. ಶಿಡ್ಲಘಟ್ಟದ ಹತ್ತಿರದ ಹುಣಸೇಕುಂಟೆಯಲ್ಲಿ ಅವಳು ಸಂಜೆ ಕೋಳಿ ಕರೆದರೆ ಪಕ್ಕದೂರಿನ ಕೋಳಿಗಳೂ ಗೂಡು ಸೇರುತ್ತವೆ ಎಂದು ಜನ ನಗುತ್ತಿದ್ದರು. ಕೇರಿಯ ಪ್ರಾರ್ಥನೆ ಮನೆಯಲ್ಲೂ ಅವಳದೇ ಮೇಲುದನಿ. ಭಾನುವಾರ ಬೆಳಿಗ್ಗೆ ಉಪದೇಶಿ ನಲ್ಲಪ್ಪನವರು ಚಿಕ್ಕಬಳ್ಳಾಪುರದಿಂದ ಸೈಕಲ್ ತುಳಿದುಕೊಂಡು ಬಂದು, ಬೆವರು ಒರೆಸಿಕೊಂಡು, ಕರ್ತನು ಕಲಿಸಿದ ಪ್ರಾರ್ಥನೆಯನ್ನು ಶುರು ಮಾಡಿದರೆ, ಎರಡನೆಯ ಮಾತಿಗೆಲ್ಲ ಅದರ ಮೂಗುದಾರ ಅಕ್ಕಯ್ಯಮ್ಮನ ಕೈಗೆ ಹೋಗಿರುತ್ತಿತ್ತು. ಮಿಕ್ಕವರು ಅವಳ ಹಿಂದೆ ಹೋಗುತ್ತಿದ್ದರು.

ಆದರೆ ಆ ಪ್ರಾರ್ಥನೆಯ ನಡುವೆ ಒಂದು ಸಾಲು ಬರುತ್ತದೆ. ನಮಗೆ ಕೆಡುಕು ಮಾಡಿದವರನ್ನು ನಾವು ಮನ್ನಿಸಿದ್ದೇವೆ, ಹಾಗೆಯೇ ನಮ್ಮನ್ನೂ ಮನ್ನಿಸು ಎಂದು ದೇವರನ್ನು ಕೇಳುವ ಸಾಲು. ಅಲ್ಲಿಗೆ ಬಂದಾಗ ಅಕ್ಕಯ್ಯಮ್ಮ ತುಟಿ ಬಿಗಿದು ಕೂತುಬಿಡುತ್ತಿದ್ದಳು. ಮುಂದಿನ ಎತ್ತು ನಿಂತ ಗಾಡಿಯ ಹಾಗೆ ಪ್ರಾರ್ಥನೆ ಅಲ್ಲಿ ಮುಗ್ಗರಿಸುತ್ತಿತ್ತು. ಅವಳು ಮುಂದಿನ ಸಾಲಿಗೆ ಬಂದು ಸೇರಿಕೊಂಡ ಮೇಲೆ ಮತ್ತೆ ಹೊರಡುತ್ತಿತ್ತು. ಹೀಗೆ ಮೂರು ವರ್ಷ ನಡೆಯಿತು.

ಉಪದೇಶಿ ಒಂದು ಸಲ ಕೇಳಿಯೇ ಬಿಟ್ಟರು. "ಯಾಕಮ್ಮ ಮಾರ್ಥಮ್ಮ, ಆ ಸಾಲು ಮರೆತುಹೋಯ್ತಾ?" ಮಾರ್ಥಮ್ಮ ಎಂಬುದು ಅವಳ ದೀಕ್ಷಾಸ್ನಾನದ ಹೆಸರು. ಉಪದೇಶಿಯವರನ್ನು ಬಿಟ್ಟು ಬೇರೆ ಯಾರೂ ಅವಳನ್ನು ಹಾಗೆ ಕರೆದದ್ದಿಲ್ಲ. ಎಷ್ಟೋ ಸಲ ಅವಳೂ ಅದಕ್ಕೆ ಓಗೊಟ್ಟದ್ದಿಲ್ಲ.

"ಮರ್ತಿಲ್ಲ ಅಯ್ನೋರೆ. ದೇವರ ಮುಂದೆ ಸುಳ್ಳು ಹೇಳ್ಬಾರ್ದು ಅಂತ ನೀವೇ ಕಲಿಸಿದ್ರಲ್ಲ. ನಾನು ಮನ್ನಿಸಿಲ್ಲ. ಮನ್ನಿಸಿದೀನಿ ಅಂತ ಹೆಂಗೆ ಹೇಳ್ಲಿ?"

ಉಪದೇಶಿಯವರು ಟೋಪಿ ಹಾಕಿಕೊಂಡು ಸೈಕಲ್ ಹತ್ತಿದರು.

ಈ ಹಟಕ್ಕೆ ಕಾರಣನಾದ ಮನುಷ್ಯ ಅದೇ ಊರಿನ ರಾಮಾಂಜಿನಪ್ಪಗೌಡ. ಅವನ ಸುದ್ದಿಗೆ ಹೋಗುವ ಮೊದಲು ಅಕ್ಕಯ್ಯಮ್ಮನ ಸಂಸಾರ ಎಂಥದು ಎಂದು ಹೇಳಿಬಿಡಬೇಕು. ಅವಳ ತವರು ಚಿಂತಾಮಣಿಯ ಆಚೆಯ ಹಳ್ಳಿ, ಮನೆಮಾತು ತೆಲುಗು. ಲಗ್ನವಾಗಿ ಪುಟಾಣಿ ರೈಲಿನಲ್ಲಿ ಬಂದು ಶಿಡ್ಲಘಟ್ಟದಲ್ಲಿ ಇಳಿದ ಮೇಲೆಯೇ ಕನ್ನಡ ಕಲಿತದ್ದು. ಹೀಗಾಗಿ ಅವಳ ಪ್ರಾರ್ಥನೆ ಕನ್ನಡದಲ್ಲಿ, ಬೈಗುಳ ತೆಲುಗಿನಲ್ಲಿ. ಎರಡೂ ಒಂದಕ್ಕೊಂದು ಬೆರೆಯದಿರಲಿ ಎಂದು ದೇವರೇ ಮಾಡಿದ ಏರ್ಪಾಡು ಇದು ಎಂದು ಅವಳ ಗಂಡ ಗಂಗುಲಪ್ಪ ಹೇಳುತ್ತಿದ್ದ. ಗಂಗುಲಪ್ಪ ಉದ್ದನೆಯ ಆಳು, ಕಮ್ಮಿ ಮಾತಿನವನು, ಹೊಗೆಸೊಪ್ಪಿನ ದಾಸ. ಬಾಯಿ ಖಾಲಿ ಇದ್ದರೆ ತಾನೇ ಮಾತಾಡುವುದು ಎಂದು ಅಕ್ಕಯ್ಯಮ್ಮ ಅಣಕಿಸುತ್ತಿದ್ದಳು.

ಮದುವೆಯಾದ ಹೊಸದರಲ್ಲಿ ಗಂಗುಲಪ್ಪನಿಗೆ ವಿಷಮಶೀತಜ್ವರ ಬಂದು ಬದುಕುವ ಆಸೆಯೇ ಇರಲಿಲ್ಲ. ಕೇರಿಯವರು ಗಾಡಿಯಲ್ಲಿ ಮಲಗಿಸಿಕೊಂಡು ಚಿಕ್ಕಬಳ್ಳಾಪುರದ ಮಿಷನ್ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ನರ್ಸಮ್ಮ ಒಬ್ಬರು ದಿನವೂ ಅವನ ಮೈ ಒರೆಸಿ, ತಲೆ ಬಾಚಿದರು. ಕೇರಿಯ ಹೊರಗಿನವರು ಯಾರೂ ಅದುವರೆಗೆ ಅವನನ್ನು ಮುಟ್ಟಿರಲಿಲ್ಲ. ಗುಣವಾಗಿ ಬಂದವನು, "ನಾನು ಆ ದೇವರ ಕಡೆ ಹೋಗ್ತೀನಿ ಕಣೇ" ಎಂದ. ಅಕ್ಕಯ್ಯಮ್ಮ ಕೇಳಿದ್ದು ಒಂದೇ ಮಾತು. "ಹುಳದ ಕೆಲಸ ಬಿಡ್ಬೇಕಾ?" ಬೇಡ ಎಂದ. "ಹಂಗಿದ್ರೆ ಸರಿ" ಎಂದು ಅವಳೂ ನೀರಿಗೆ ಇಳಿದಳು. ಹೀಗೆ ಗಂಡನ ಹಿಂದೆ ಹೋದವಳು ಬರಬರುತ್ತ ಅವನಿಗಿಂತ ಮುಂದೆ ಹೋಗಿಬಿಟ್ಟಳು. ಹಾಡು, ಪ್ರಾರ್ಥನೆ ಎಲ್ಲ ಬಾಯಿಪಾಠ. ದೇವರೊಡನೆ ನೆಂಟರ ಹತ್ತಿರ ಮಾತಾಡುವಷ್ಟು ಸಲಿಗೆ.

ಹುಳದ ಕೆಲಸ ಅಂದರೆ ರೇಷ್ಮೆಹುಳದ ಕೆಲಸ. ಆ ಸೀಮೆಯಲ್ಲಿ ಅದನ್ನು ಬರೀ ಹುಳ ಎಂದರೆ ಸಾಕು. ಕೇರಿಯವರು ಗೌಡರ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಆದರೆ ರಾಮಾಂಜಿನಪ್ಪನ ಹುಳುಮನೆ ಊರಾಚೆಯ ಹಿಪ್ಪುನೇರಳೆ ತೋಟದಲ್ಲಿತ್ತು, ಅಲ್ಲಿಗೆ ಅವರೇ ಬೇಕು. ಅಲ್ಲಿನ ಮಡಿಯೇ ಬೇರೆ. ನೀನು ಯಾವ ಜಾತಿ ಎಂದು ಹುಳ ಕೇಳುವುದಿಲ್ಲ. ಅರಿಸಿನ ಬಳಿದುಕೊಂಡು ಬಂದೆಯಾ, ಒಗ್ಗರಣೆ ಕೈಯಲ್ಲಿ ಬಂದೆಯಾ, ಹೊಗೆಸೊಪ್ಪು ಮುಟ್ಟಿದೆಯಾ ಎಂದಷ್ಟೇ ಕೇಳುತ್ತದೆ. ಹೊಗೆಸೊಪ್ಪಂತೂ ಅದಕ್ಕೆ ಯಮ. ಅದರ ಘಾಟು ತಗುಲಿದ ಸೊಪ್ಪು ತಿಂದರೆ ಹುಳ ಹಸಿರು ಕಾರಿಕೊಂಡು ಮುರುಟಿ ಸಾಯುತ್ತದೆ. ಅದಕ್ಕೇ ಗಂಗುಲಪ್ಪ ಸೊಪ್ಪು ಹೊತ್ತು ತಂದಾಗಲೆಲ್ಲ ತನ್ನ ಎಲೆಅಡಿಕೆ ಚೀಲವನ್ನು ದೂರದ ಹುಣಸೆ ಕೊಂಬೆಗೆ ತಗುಲಿಹಾಕಿ, ಮಣ್ಣು ಹಚ್ಚಿ ಕೈ ತೊಳೆದು ಒಳಗೆ ಬರುತ್ತಿದ್ದ.

ರಾಮಾಂಜಿನಪ್ಪನಿಗೂ ಒಂದು ಚಟವಿತ್ತು. ಅವನದು ನಶ್ಯ, ಅದೇ ಹೊಗೆಸೊಪ್ಪಿನ ಪುಡಿ. ಮಾವನ ಮನೆಯವರು ಕೊಟ್ಟ ಹಿತ್ತಾಳೆ ಡಬ್ಬಿ, ಮುಚ್ಚಳದ ಮೇಲೆ ಕಮಲದ ಹೂ. ಅರಳೀಕಟ್ಟೆಯ ಮೇಲೆ ಕೂತು ಅದನ್ನು ಟಕಟಕ ಎಂದು ತಟ್ಟಿ, ಒಂದು ಚಿಟಿಕೆ ಏರಿಸಿ, ಊರೆಲ್ಲ ಬೆಚ್ಚುವಂತೆ ಸೀನುತ್ತಿದ್ದ. ಅವನ ತಾಯಿ ಮುಪ್ಪಾಗಿ ಹುಳುಮನೆಯ ಬೀಗದ ಕೈ ಕೊಡುವಾಗ, "ಇದು ಬೇಕಾದ್ರೆ ಅದನ್ನ ಬಿಡಬೇಕು ಕಣಪ್ಪ" ಎಂದಳು. ರಾಮಾಂಜಿನಪ್ಪ ಡಬ್ಬಿಯನ್ನು ಶಿಡ್ಲಘಟ್ಟದ ಕೆರೆಗೆ ಎಸೆದು ಬಂದೆ ಎಂದು ಊರಿಗೆಲ್ಲ ಸಾರಿದ. ಊರು ನಂಬಿತು. ಎಷ್ಟಾದರೂ ಸೀನು ನಿಂತಿತ್ತಲ್ಲ.

ಐವತ್ತನಾಲ್ಕನೇ ಇಸವಿಯಲ್ಲಿ ಅವನ ಹುಳ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಅನ್ನುವಾಗ ಒಂದು ಬೆಳಿಗ್ಗೆ ತಟ್ಟೆ ತಟ್ಟೆಯೇ ಹಸಿರು ಕಾರತೊಡಗಿತು. ತಲೆ ಅತ್ತಿತ್ತ ಆಡಿಸಿ ಒದ್ದಾಡಿ, ಮಧ್ಯಾಹ್ನಕ್ಕೆ ಎಲ್ಲ ಹೆಣ. ಹೊಗೆಸೊಪ್ಪಿನ ಕೆಲಸ ಎಂದು ನೋಡಿದವರೆಲ್ಲ ಹೇಳಿದರು. ಹೊಗೆಸೊಪ್ಪು ಎಂದ ಮೇಲೆ ಗಂಗುಲಪ್ಪ. ಆವತ್ತು ಬೆಳಿಗ್ಗೆ ಸೊಪ್ಪು ತಂದವನೂ ಅವನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಯಿತು. ರಾಮಾಂಜಿನಪ್ಪ ಗಾಡಿಯ ಗೂಟ ಕಿತ್ತುಕೊಂಡು ತೋಟದಲ್ಲೇ ಅವನನ್ನು ಬೀಳಿಸಿ ಹೊಡೆದ. ಬಿಡಿಸಲು ಬಂದ ಆಳುಗಳನ್ನೂ ದೂಡಿ ಹೊಡೆದ. ಬಲಗೈ ಮೊಣಕೈಯಲ್ಲಿ ಮುರಿಯಿತು. ನಾಟಿ ಕಟ್ಟು ಓರೆಯಾಗಿ ಕೂತು, ಕೊನೆಗೆ ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಡವಾಗಿ, ಆ ಕೈ ಮಡಿಚಿದ್ದು ಮಡಿಚಿದಂತೆ ನಿಂತುಬಿಟ್ಟಿತು. ಅದರಿಂದ ಮತ್ತೆ ಹೊರೆ ಎತ್ತಲಾಗಲಿಲ್ಲ, ತುತ್ತು ಕೂಡ ಬಾಯಿಗೆ ಎಡಗೈಯಿಂದ.

ಅರಳೀಕಟ್ಟೆಯ ಮೇಲೆ ಪಂಚಾಯ್ತಿ ಸೇರಿತು. ಹಿರಿಯರು ಬೆಳಿಗ್ಗೆಯಿಂದ ಎಲೆಅಡಿಕೆ ಮೆದ್ದು, "ಆಗಿದ್ದು ಆಗಿಹೋಯ್ತು, ಇಬ್ಬರೂ ಮರೆತುಬಿಡಿ" ಎಂದು ತೀರ್ಪು ಕೊಟ್ಟರು. ಹೊಡೆದವನೂ ಮರೆಯಬೇಕು, ಹೊಡೆಸಿಕೊಂಡವನೂ ಮರೆಯಬೇಕು! ನ್ಯಾಯ ಅಂದರೆ ಹೀಗಿರಬೇಕು ನೋಡಿ. ಅಂದಿನಿಂದ ಗಂಗುಲಪ್ಪನಿಗೆ ಹುಳ ಕೊಂದವನು ಎಂಬ ಹೆಸರು ಅಂಟಿತು. ಕೇರಿಯವರು ಮಾತ್ರ ಅಕ್ಕಯ್ಯಮ್ಮನ ಒತ್ತಾಯಕ್ಕೆ ಒಂದು ಕಟ್ಟು ಮಾಡಿದರು. ರಾಮಾಂಜಿನಪ್ಪನ ಹುಳುಮನೆಗೆ ಇನ್ನು ಯಾರೂ ಕಾಲಿಡಬಾರದು.

ಅಕ್ಕಯ್ಯಮ್ಮನಿಗೆ ಹೊಟ್ಟೆ ಉರಿಯುತ್ತಿದ್ದದ್ದು ರಾಮಾಂಜಿನಪ್ಪನ ಮೇಲೆ ಮಾತ್ರವಲ್ಲ, ಗಂಡನ ಮೇಲೂ. ಅವಳು ತೆಲುಗಿನಲ್ಲಿ ಗೌಡನ ಏಳು ತಲೆಮಾರನ್ನು ತೊಳೆಯುತ್ತ ಕೂತರೆ ಗಂಗುಲಪ್ಪ, "ಹೋಗ್ಲಿ ಬಿಡೇ, ನಾನು ಮನ್ನಿಸಿ ಆಯ್ತು" ಎನ್ನುತ್ತಿದ್ದ. ಉಪದೇಶಿಯವರು ಅವನನ್ನು ಎಲ್ಲರೆದುರು ಹೊಗಳುತ್ತಿದ್ದರು. ಇವನಿಗೆ ಇಷ್ಟು ಸಲೀಸಾಗಿ ಮನ್ನಿಸುವುದು ಹೇಗೆ ಬಂತು ಎಂದು ಅವಳಿಗೆ ಆಶ್ಚರ್ಯ. ಒಂದೊಂದು ಸಲ, ಪೆಟ್ಟು ತಿಂದವನು ಅವನಾದರೂ ಅನ್ನ ಕಲಸಿಕೊಡುವವಳು ನಾನಲ್ಲವಾ ಎಂದು ಅಳುವೂ ಬರುತ್ತಿತ್ತು. ಹಾಗಂತ ಅವಳು ಮುಖ ಗಂಟಿಕ್ಕಿಕೊಂಡು ಬದುಕಿದವಳಲ್ಲ. ಕೋಳಿ ಸಾಕಿದಳು, ಬೇರೆಯವರ ಹುಳುಮನೆಗಳಲ್ಲಿ ದುಡಿದಳು, ನಕ್ಕಳು, ಹಾಡಿದಳು. ಆ ಒಂದು ಸಾಲನ್ನು ಮಾತ್ರ ವಾರ ವಾರವೂ ನುಂಗಿದಳು.

ಐವತ್ತೇಳರಲ್ಲಿ ದೀಪಾವಳಿ ಹತ್ತಿರವಿತ್ತು. ಆ ಸಲ ಊರಿನವರೆಲ್ಲ ಒಂದೇ ದಿನ ಶಿಡ್ಲಘಟ್ಟಕ್ಕೆ ಹೋಗಿ ಹುಳದ ಮೊಟ್ಟೆ ತಂದಿದ್ದರು. ಬೇರೆ ಬೇರೆ ದಿನ ತರಬೇಕು ಎಂಬ ಬುದ್ಧಿ ಯಾರಿಗೂ ಹೊಳೆಯಲಿಲ್ಲ. ಎಲ್ಲರ ಹುಳವೂ ಒಂದೇ ಬೆಳಿಗ್ಗೆ ಹಣ್ಣಾಯಿತು. ಹುಳ ಹಣ್ಣಾಯಿತೆಂದರೆ ಮೇವು ಬಿಟ್ಟು, ಮೈ ಜೇನಿನ ಬಣ್ಣಕ್ಕೆ ತಿರುಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಅದನ್ನು ಒಂದೊಂದಾಗಿ ಆರಿಸಿ, ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಬಾಯಿಂದ ಬರುವ ನೂಲನ್ನು ಕಂಡಕಂಡಲ್ಲಿ ಚೆಲ್ಲಿ ಹಾಳಾಗುತ್ತದೆ. ಹಣ್ಣುಹುಳ ಯಾರಿಗೂ ಕಾಯುವುದಿಲ್ಲ. ರಾಮಾಂಜಿನಪ್ಪ ಮೂರು ವರ್ಷದಿಂದ ಹೆಂಡತಿಯ ತವರೂರಿನ ಆಳುಗಳನ್ನು ಕರೆಸುತ್ತಿದ್ದ. ಆ ಸಲ ಅವರ ಮನೆಗಳಲ್ಲೂ ಹುಳ ಹಣ್ಣಾಗಿ ಯಾರೂ ಬರಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಅವನ ಹೆಂಡತಿ ರಾಮಲಕ್ಷ್ಮಮ್ಮ ಕೇರಿಗೇ ಬಂದಳು. ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು. ಎಲ್ಲಿ ನಿಲ್ಲಬೇಕು ಎಂದು ತಿಳಿಯದೆ ಪ್ರಾರ್ಥನೆ ಮನೆಯ ನೆರಳಿನಲ್ಲಿ ನಿಂತಳು.

"ಅಕ್ಕಯ್ಯಮ್ಮಾ, ನಮ್ಮ ಹುಳ ಹಣ್ಣಾಗಿಬಿಟ್ಟಿದೆ ಕಣಮ್ಮ. ಆರಿಸೋಕೆ ಕೈಯಿಲ್ಲ. ನಮ್ಮನೆಯೋರು ಬೇಡ, ಕೇರಿಗೆ ಹೋಗ್ಬೇಡ ಅಂದ್ರು. ನಾನೇ ಬಂದೆ."

"ಬೇಡ ಅಂದ್ರೆ ಬೇಡ. ಗೌಡ್ರು ಸರಿಯಾಗೇ ಹೇಳವ್ರೆ" ಎಂದಳು ಅಕ್ಕಯ್ಯಮ್ಮ, ಮೊರದಲ್ಲಿದ್ದ ರಾಗಿಯಿಂದ ಕಣ್ಣೆತ್ತದೆ. ಅವಳು ಆ ದಿನ ಕೆಲಸ ಒಪ್ಪಿಕೊಂಡಿದ್ದ ಮನೆಯಲ್ಲಿ ಬೆಳಕು ಹರಿಯುವಾಗಲೇ ಆರಿಸಿ ಮುಗಿಸಿ ಬಂದಿದ್ದಳು. ಹುಳ ಆರಿಸುವುದರಲ್ಲಿ ಅವಳ ಕೈ ಅಷ್ಟು ಚುರುಕು.

ರಾಮಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ತಿರುಗಿ ಹೊರಟಳು. ಜಗಲಿಯ ಮೇಲೆ ಕೂತಿದ್ದ ಗಂಗುಲಪ್ಪ ಹೊಗೆಸೊಪ್ಪು ಉಗಿದು, "ಹುಳ ಏನು ಮಾಡ್ತು ಕಣೇ?" ಎಂದ.

"ಏನು?"

"ಗೌಡ ಹೊಡೆದ, ಸರಿ. ಹುಳ ಏನು ತಪ್ಪು ಮಾಡ್ತು? ತಲೆ ಎತ್ಕೊಂಡು ದಾರಿ ನೋಡ್ತಿರ್ತದೆ ಪಾಪ."

ಅಕ್ಕಯ್ಯಮ್ಮ ಮೊರ ಕುಕ್ಕಿ ಎದ್ದಳು. ತಲೆ ಎತ್ತಿ ದಾರಿ ನೋಡುವ ಹುಳ ಅವಳಿಗೆ ಎಳೆಮಕ್ಕಳ ಲೆಕ್ಕ. "ಹುಳಕ್ಕೋಸ್ಕರ ಹೋಗ್ತೀನಿ. ಅವನಿಗೋಸ್ಕರ ಅಲ್ಲ. ತಿಳ್ಕೋ" ಎಂದು ಗಂಡನಿಗೆ ಹೇಳಿ, ಕೇರಿಯ ನಡುವೆ ನಿಂತು ಹೆಂಗಸರನ್ನೆಲ್ಲ ಕೂಗಿದಳು. ಕಟ್ಟು ಮಾಡಿಸಿದವಳೇ ಕಟ್ಟು ಮುರಿದು ಕರೆಯುವಾಗ ಇಲ್ಲ ಎನ್ನುವವರು ಯಾರು? ಕೈ ಖಾಲಿ ಇದ್ದವರೆಲ್ಲ ಮುಖದ ಅರಿಸಿನ ತೊಳೆದುಕೊಂಡು ಹಿಂದೆ ಬಂದರು.

ಹುಳುಮನೆಯೊಳಗೆ ಮಳೆ ಹೊಯ್ದಂಥ ಸದ್ದು ಆಗಲೇ ನಿಂತಿತ್ತು. ಹುಳ ಮೇಯುವಾಗ ಬರುವ ಸದ್ದು ಅದು, ಮೇವು ಬಿಟ್ಟರೆ ನಿಲ್ಲುತ್ತದೆ. ರಾಮಾಂಜಿನಪ್ಪ ಹೊರಗೆ ಚಪ್ಪರದ ನೆರಳಿನಲ್ಲಿ ಚಂದ್ರಿಕೆಗಳನ್ನು ನಿಲ್ಲಿಸುತ್ತಿದ್ದ. ಅಕ್ಕಯ್ಯಮ್ಮನನ್ನು ಕಂಡು ಅವನು ಬೇರೆ ಕಡೆ ನೋಡಿದ. ಅವಳೂ ಅವನನ್ನು ಕಂಬದ ಹಾಗೆ ಬಳಸಿಕೊಂಡು ಒಳಗೆ ಹೋದಳು. ಕೈ ಓಡತೊಡಗಿತು. ಮೂರು ವರ್ಷದ ಮೇಲೆ ಹಳೇ ಜಾಗ, ಹಳೇ ತಟ್ಟೆಗಳು, ಗಂಗುಲಪ್ಪ ಹೊರೆ ಇಳಿಸುತ್ತಿದ್ದ ಮೂಲೆ. ಅವಳು ಆ ಕಡೆ ಒಮ್ಮೆ ನೋಡಿದಳು, ಕೈ ಮಾತ್ರ ನಿಲ್ಲಲಿಲ್ಲ.

ಮೂಲೆಯ ತಟ್ಟೆಗಳನ್ನು ಬಿಗಿದಿದ್ದ ಹಗ್ಗ ಸಡಿಲಿಸಲು ಅವಳು ಮಣೆ ಹತ್ತಿ ಸೂರಿನ ಗರಿಯೊಳಗೆ ಕೈ ಹಾಕಿದಾಗ ಏನೋ ತಣ್ಣಗೆ ತಗುಲಿತು. ಎಳೆದಳು. ಧೂಳು ಹಿಡಿದು ಕಪ್ಪಾದ ಹಿತ್ತಾಳೆ ಡಬ್ಬಿ. ಹೆಬ್ಬೆರಳಿಂದ ಉಜ್ಜಿದರೆ ಕಮಲದ ಹೂ.

ಒಂದು ಗಳಿಗೆ ಅವಳಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲ ಒಟ್ಟಿಗೇ ಅರ್ಥವಾಯಿತು. ಡಬ್ಬಿ ಕೆರೆಗೆ ಹೋಗಿರಲಿಲ್ಲ, ಹುಳುಮನೆಯ ಸೂರಿಗೆ ಬಂದಿತ್ತು. ತಾಯಿಯ ಕಣ್ಣು ತಪ್ಪಿಸಿ ಇಲ್ಲೇ ಚಿಟಿಕೆ ಏರಿಸಿ, ಅದೇ ಬೆರಳಲ್ಲಿ ಸೊಪ್ಪು ಹಾಕಿದ್ದ. ಹುಳ ಕೊಂದವನು ಅವನೇ. ಗಂಗುಲಪ್ಪನ ಕೈ ಮುರಿದದ್ದು ಅವನ ಮೂಗಿನ ಸುಖಕ್ಕೆ.

ಅವಳು ಮುಚ್ಚಳ ತಿರುಗಿಸಿದಳು. ನಶ್ಯ ಇನ್ನೂ ಅರ್ಧ ಡಬ್ಬಿ ಇತ್ತು, ಘಾಟು ಮೂಗಿಗೆ ಬಡಿಯಿತು. ಕೆಳಗೆ ತಟ್ಟೆ ತುಂಬ ಹುಳ ತಲೆ ಎತ್ತಿಕೊಂಡಿತ್ತು. ಮಿಕ್ಕ ಹೆಂಗಸರು ಆ ಕಡೆ ಬಗ್ಗಿದ್ದರು. ಉಫ್ ಎಂದು ಒಂದು ಸಲ ಊದಿದರೆ ಸಾಕು. ಇಡೀ ಬೆಳೆ ಹೋಗುತ್ತದೆ, ಯಾರು ಎಂದು ಕೇಳಿದರೆ ಡಬ್ಬಿಯೇ ಹೆಸರು ಹೇಳುತ್ತದೆ. ನೀನು ಆ ಸಾಲು ಹೇಳಿಲ್ಲವಲ್ಲ, ಮನ್ನಿಸಿದ್ದೇನೆ ಎಂದು ಮಾತು ಕೊಟ್ಟಿಲ್ಲವಲ್ಲ, ನಿನಗೇನು ಅಡ್ಡಿ ಎಂದು ಮನಸ್ಸು ಹೇಳಿತು. ಆಗ ಅವಳಿಗೆ ಹೊಳೆಯಿತು. ದೇವರಿಗೆ ಸುಳ್ಳು ಹೇಳಬಾರದು ಎಂದು ಆ ಸಾಲು ಬಿಟ್ಟೆ ಅಂದುಕೊಂಡಿದ್ದಳು. ನಿಜವಾಗಿ ಅವಳು ಬಿಟ್ಟುಕೊಂಡಿದ್ದದ್ದು ಈ ಒಂದು ಕಂಡಿ. ಎಂದಾದರೂ ಒಂದು ದಿನ ಬೇಕಾಗುತ್ತದೆ ಎಂದು ತೆರೆದಿಟ್ಟಿದ್ದ ಕಂಡಿ. ಆ ದಿನ ಬಂದಿತ್ತು, ಕಂಡಿಯೂ ತೆರೆದಿತ್ತು, ಹೋಗಲು ಮನಸ್ಸು ಒಪ್ಪಲಿಲ್ಲ. ಕರ್ತನೇ, ನನ್ನ ಕೈ ಹಿಡ್ಕೋ ಎಂದಳು. ಮುಚ್ಚಳ ಹಾಕಿದಳು.

ಹೊರಗೆ ಬಂದಾಗ ರಾಮಾಂಜಿನಪ್ಪ ಒಬ್ಬನೇ ಇದ್ದ. ಅವಳು ಡಬ್ಬಿಯನ್ನು ಅವನ ಮುಂದಿನ ಕಲ್ಲಿನ ಮೇಲೆ ಇಟ್ಟಳು.

"ಗೌಡ್ರೇ, ನಿಮ್ಮ ವಸ್ತು. ಹುಳುಮನೇಲಿ ಇಡ್ಬೇಡಿ. ಹುಳಕ್ಕೆ ಆಗಲ್ಲ."

ಅಷ್ಟನ್ನೂ ಮೆಲ್ಲಗೆ ಹೇಳಿದಳು. ತನ್ನ ಗಂಟಲಿಗೆ ಮೆಲ್ಲಗೆ ಮಾತಾಡಲು ಬರುತ್ತದೆ ಎಂದು ಅವಳಿಗೇ ಆವತ್ತು ಗೊತ್ತಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರಾಮಾಂಜಿನಪ್ಪನ ಕೈ ತಾನಾಗಿ ಮೂಗಿಗೆ ಹೋಯಿತು. ಮುಖ ಸುಣ್ಣದ ಗೋಡೆಯಾಯಿತು. ಅವಳು ಉತ್ತರಕ್ಕೆ ಕಾಯಲಿಲ್ಲ, ಮಣ್ಣು ಹಚ್ಚಿ ಕೈ ತೊಳೆದುಕೊಂಡು ಒಳಗೆ ಹೋಗಿ ಕೊನೆಯ ಹುಳ ಚಂದ್ರಿಕೆ ಸೇರುವ ತನಕ ಆರಿಸಿದಳು.

ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಅವನು ಎಂದಿನಂತೆ ಹೋಗ್ಲಿ ಬಿಡೇ ಎನ್ನುತ್ತಾನೆ ಎಂದುಕೊಂಡಿದ್ದಳು. ಗಂಗುಲಪ್ಪ ಬಾಯಲ್ಲಿದ್ದುದನ್ನು ಉಗಿದ.

"ಹಂಗಾದ್ರೆ ನಾನಲ್ಲ?"

"ನೀನು ಯಾಕಾಗ್ತೀಯ?"

"ಆವತ್ತು ಕೈ ತೊಳೆದಿದ್ನೋ ಇಲ್ವೋ ಅಂತ ನೆನಪೇ ಇಲ್ಲ ಕಣೇ. ಎಷ್ಟು ಯೋಚ್ನೆ ಮಾಡಿದ್ರೂ ನೆನಪಾಗ್ತಿರ್ಲಿಲ್ಲ. ನಾನೇ ಕೊಂದಿರ್ಬೋದು, ಅದಕ್ಕೇ ಏಟು ಬಿತ್ತು ಅಂದ್ಕೊಂಡಿದ್ದೆ."

ಅಕ್ಕಯ್ಯಮ್ಮ ಕೂತಲ್ಲೇ ಕೂತಳು. ಮೂರು ವರ್ಷ ಇವನು ಸಲೀಸಾಗಿ ಮನ್ನಿಸಿದ್ದು ಇದಕ್ಕೆ! ತಪ್ಪು ತನ್ನದೇ ಇರಬಹುದು ಎಂದುಕೊಂಡವನಿಗೆ ಮನ್ನಿಸುವುದೇನು ಕಷ್ಟ? ಅಷ್ಟರಲ್ಲಿ ಗಂಗುಲಪ್ಪ ಎದ್ದು ಎಡಗೈಯಲ್ಲಿ ದನ ಹೊಡೆಯುವ ಕೋಲು ಹಿಡಿದಿದ್ದ. ಅಷ್ಟು ವರ್ಷದಲ್ಲಿ ಅವನು ಕೋಲು ಹಿಡಿದದ್ದನ್ನು ಅವಳು ನೋಡಿರಲಿಲ್ಲ.

"ದೇವುಡಾ!" ಎಂದು ಅವಳು ಬಾಗಿಲಿಗೆ ಅಡ್ಡ ನಿಂತಳು. "ಕೂತ್ಕೋ. ಕೂತ್ಕೋ ಅಂದೆ! ನಮ್ಮಿಬ್ಬರ ಪಾಲಿನ ಸಿಟ್ಟನ್ನೂ ನಾನೊಬ್ಬಳೇ ಮಾಡಿ ಮುಗಿಸಿದೀನಿ. ಇನ್ನೇನೂ ಉಳಿದಿಲ್ಲ."

ಗಂಗುಲಪ್ಪ ಬಾಗಿಲಲ್ಲಿ ನಿಂತು ಅತ್ತ. ಕೋಲು ಕೆಳಗೆ ಹಾಕಿದ, ಆದರೆ ಸಿಟ್ಟು ಹಾಕಲಿಲ್ಲ.

ಆ ಭಾನುವಾರ ಪ್ರಾರ್ಥನೆ ಮನೆ ತುಂಬಿತ್ತು. ಉಪದೇಶಿ ಕಣ್ಣು ಮುಚ್ಚಿ ಶುರು ಮಾಡಿದರು, ಅಕ್ಕಯ್ಯಮ್ಮ ಮೂಗುದಾರ ಹಿಡಿದಳು. ಆ ಸಾಲು ಬಂತು. ಜನಕ್ಕೆ ಮೂರು ವರ್ಷದ ಅಭ್ಯಾಸ, ತಮ್ಮಷ್ಟಕ್ಕೆ ತಾವೇ ದನಿ ತಗ್ಗಿಸಿದರು. ಅಕ್ಕಯ್ಯಮ್ಮ ನಿಲ್ಲಲಿಲ್ಲ. ಮನ್ನಿಸಿದ್ದೇವೆ ಎನ್ನುವ ಮಾತನ್ನು ಸೂರಿಗೆ ಮುಟ್ಟುವಂತೆ ಹೇಳಿದಳು. ಬೆಚ್ಚಿಬಿದ್ದು ಎಲ್ಲರ ಬಾಯಿ ಕಟ್ಟಿತು. ಆ ಸಾಲಿನ ಕೊನೆಯನ್ನು ಅವಳೊಬ್ಬಳೇ ಮುಟ್ಟಿದಳು. ಉಪದೇಶಿ ಒಂದು ಕಣ್ಣು ತೆರೆದರು.

ಮುಂದಿನ ಸಾಲಿಗೆ ಹೋಗಬೇಕು, ಅವಳು ಹೋಗಲಿಲ್ಲ. ಗಂಡಸರ ಕಡೆಯಿಂದ ಬರಬೇಕಾದ ಒಂದು ಸಣ್ಣ ದನಿ ಬಂದಿರಲಿಲ್ಲ. ಬೇರೆ ಯಾರಿಗೂ ಅದು ತಿಳಿಯುವಂತಿರಲಿಲ್ಲ, ಅವಳಿಗೆ ತಿಳಿಯಿತು. ಗಂಗುಲಪ್ಪ ಮಡಿಚಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ತುಟಿ ಬಿಗಿದು ಕೂತಿದ್ದ. ಅಕ್ಕಯ್ಯಮ್ಮ ಅದೇ ಸಾಲನ್ನು ಮತ್ತೆ ಮೊದಲಿನಿಂದ ಹೇಳಿದಳು, ಈ ಸಲ ಮೆಲ್ಲಗೆ, ಮಗುವಿಗೆ ಹೇಳಿಕೊಡುವ ಹಾಗೆ. ಆಮೇಲೆ ಆ ಕಡೆಯಿಂದ, ಹೊಗೆಸೊಪ್ಪಿಲ್ಲದ ಒಣ ಬಾಯಿಯಿಂದ, ಗಂಗುಲಪ್ಪ ಒಬ್ಬನೇ ಅದನ್ನು ಹೇಳಿದ. ಉಪದೇಶಿಯವರು ಆ ದಿನ ಬೋಧನೆ ಮಾಡಲಿಲ್ಲ. ಹಾಡು ಹೇಳಿ ಎಲ್ಲರನ್ನೂ ಮನೆಗೆ ಕಳಿಸಿದರು.

ರಾಮಾಂಜಿನಪ್ಪ ಬಂದದ್ದು ಚಂದ್ರಿಕೆಯಿಂದ ಗೂಡು ಬಿಡಿಸಿದ ಮೇಲೆ. ಹಾಡುಹಗಲು, ಕೇರಿಯೆಲ್ಲ ನೋಡುತ್ತಿರುವಾಗ ಬಂದು, ಜಗಲಿಯ ಮುಂದೆ ನಿಂತ.

"ಗಂಗುಲಪ್ಪ, ಆವತ್ತೇ ನನ್ನ ಮೇಲೇ ನಂಗೆ ಅನುಮಾನ ಬಂದಿತ್ತು ಕಣಪ್ಪ. ಬಂದಿದ್ದಕ್ಕೇ ಅಷ್ಟು ಜೋರಾಗಿ ಹೊಡೆದೆ. ಆ ಡಬ್ಬಿ ಮತ್ತೆ ಮುಟ್ಟೋಕೂ ಧೈರ್ಯ ಬರ್ಲಿಲ್ಲ, ಎಸೆಯೋಕೂ ಬರ್ಲಿಲ್ಲ."

ಗಂಗುಲಪ್ಪ ಹೆಂಡತಿಯ ಮುಖ ನೋಡಿದ. ಅವಳು ಬಾಗಿಲ ಮರೆಯಿಂದಲೇ ಹೇಳಿದಳು. "ನಾವು ದೇವರ ಮುಂದೆ ಹೇಳಿ ಆಗೈತೆ ಗೌಡ್ರೇ. ನಿಮ್ಮದು ಬಾಕಿ ಐತೆ. ಅರಳೀಕಟ್ಟೆ ಮೇಲೆ ಹೊರಿಸಿದ ಹೆಸರನ್ನ ಅರಳೀಕಟ್ಟೆ ಮೇಲೇ ಇಳಿಸಿ."

ಇಳಿಸಿದ. ಅದೇ ಹಿರಿಯರ ಮುಂದೆ, ಡಬ್ಬಿಯನ್ನು ಮಧ್ಯೆ ಇಟ್ಟು, ಹುಳ ಕೊಂದವನು ತಾನೇ ಎಂದು ಹೇಳಿದ. ಮುಗಿದ ಮೇಲೆ ಗಂಗುಲಪ್ಪ ಎಡಗೈಯಿಂದ ಎಲೆ ಮಡಿಚಿ ಚಾಚಿದ. ರಾಮಾಂಜಿನಪ್ಪ ಆ ಕೈಯಿಂದಲೇ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಅಲ್ಲಿದ್ದವರಲ್ಲಿ ಅರ್ಧ ಜನ ಮುಖ ತಿರುಗಿಸಿದರು, ಅರ್ಧ ಜನ ತಿರುಗಿಸಲಿಲ್ಲ.

"ಹೊಗೆಸೊಪ್ಪು?" ಎಂದ ಗಂಗುಲಪ್ಪ.

"ಬೇಡಪ್ಪ. ಹುಳುಮನೆಗೆ ಹೋಗ್ಬೇಕು."

ಅಕ್ಕಯ್ಯಮ್ಮ ಅರವತ್ತರ ದಶಕದುದ್ದಕ್ಕೂ ಆ ಹುಳುಮನೆಯಲ್ಲಿ ಬೆಳೆ ಬೆಳೆಗೂ ಹುಳ ಆರಿಸಿದಳು. ತಲೆ ನೆರೆಯಿತು, ಗಂಟಲು ನೆರೆಯಲಿಲ್ಲ. ಎಲ್ಲ ಸುಖವಾಗಿ ಮುಗಿಯಿತಾ ಎಂದು ಅವಳನ್ನು ಕೇಳಿದರೆ ಮಾತ್ರ ಒಪ್ಪುತ್ತಿರಲಿಲ್ಲ. ಚಳಿಗಾಲದಲ್ಲಿ ಗಂಗುಲಪ್ಪನ ಮೊಣಕೈ ನೋಯುತ್ತಿತ್ತು, ಮಲಗಲು ಬಿಡುತ್ತಿರಲಿಲ್ಲ. ಅಂಥ ವಾರ ಆ ಸಾಲು ಮತ್ತೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಒಂದು ಸಲ ಮನ್ನಿಸಿದ ಮೇಲೆ ಮುಗಿಯಿತಲ್ಲವಾ ಎಂದು, ಆಮೇಲೆ ಮನೆಗೆ ಬಂದ ಸೊಸೆ ಕೇಳಿದ್ದಕ್ಕೆ, "ಒಂದ್ಸಲ ಸೊಪ್ಪು ಹಾಕಿ ಸುಮ್ನಾದ್ರೆ ಹುಳ ಗೂಡು ಕಟ್ತದೇನಮ್ಮ? ದಿನಾ ಹಾಕ್ಬೇಕು" ಎಂದಳು.

ಅಂಥ ಭಾನುವಾರಗಳಲ್ಲಿ ಅವಳು ಆ ಸಾಲಿಗೆ ಬಂದು ನಿಲ್ಲುತ್ತಿದ್ದಳು, ಕೆಮ್ಮುತ್ತಿದ್ದಳು, ಗಂಡಸರ ಕಡೆ ಮಡಿಚಿದ ಆ ಕೈಯನ್ನೊಮ್ಮೆ ನೋಡುತ್ತಿದ್ದಳು. ಉಪದೇಶಿ ನಲ್ಲಪ್ಪನವರಿಗೂ ಅಷ್ಟು ಹೊತ್ತಿಗೆ ವಯಸ್ಸಾಗಿತ್ತು, ಆತುರ ಹೋಗಿತ್ತು. ಅವರು ಕಣ್ಣು ಮುಚ್ಚಿ ಕಾಯುತ್ತಿದ್ದರು. ಇಡೀ ಕೇರಿ ಕಾಯುತ್ತಿತ್ತು. ಅವಳು ಹೇಳಿದ ಮೇಲೆಯೇ ಎಲ್ಲರೂ ಮುಂದಿನ ಸಾಲಿಗೆ ಹೋಗುತ್ತಿದ್ದರು.